ಪದಚರ್ಚೆ: ‘ಫೆಲೊನಿ’ಗೆ ಏನೆನ್ನೋಣ? ಸಂಜೆಯೊಳಗೆ ಬೇಕು

ಕ್ಯಾಲಿಫೋರ್ನಿಯಾದ ಕನ್ನಡ ಹಿರಿಯರಿಗಾಗಿ ಅಲ್ಲಿನ ಶಿಕ್ಷೆ ಕಾನೂನಿನ ತಿದ್ದುಪಡಿಗಳ ಬಗ್ಗೆ ಎರಡು ಪುಟದ ಕರಪತ್ರ. ಸಂಜೆ ಅಚ್ಚಿಗೆ ಹೋಗಬೇಕು. ಸಿಕ್ಕಿಹಾಕಿಕೊಂಡಿರುವ ವಾಕ್ಯ, 2024ರ ತಿದ್ದುಪಡಿಯದು: ‘950 ಡಾಲರಿಗಿಂತ ಕಡಿಮೆ ಬೆಲೆಯ ಮಾಲು ಕದ್ದರೂ, ಹಿಂದೆ ಎರಡು ಕಳವಿನ ಕೇಸಿನಲ್ಲಿ ತಪ್ಪಿತಸ್ಥರೆಂದು ತೀರ್ಪಾಗಿದ್ದರೆ ಫೆಲೊನಿ ಎಂದು ಕೇಸು ಹಾಕಬಹುದು.’ ಫೆಲೊನಿ ಅಂದರೆ ಅಲ್ಲಿನ ಕಾನೂನಿನಲ್ಲಿ ಅಪರಾಧದ ದೊಡ್ಡ ದರ್ಜೆ, ಸಣ್ಣದು ಮಿಸ್‌ಡಿಮೀನರ್. ಅದಕ್ಕೆ ಸದ್ಯಕ್ಕೆ ‘ಘೋರಾಪರಾಧ’ ಎಂದು ಹಾಕಿದ್ದೇನೆ. ನಡೆದೀತೇ?
– ಸು.

ನಡೆಯದು. ಮೂರನೇ ಸಲ ಶಾಂಪೂ ಬಾಟಲಿ ಎತ್ತಿದ್ದು ಘೋರವೇ? ಫೆಲೊನಿಯ ಒಳಗೇ ‘ಗಂಭೀರ’, ‘ಹಿಂಸಾತ್ಮಕ’ ಎಂಬ ಬೇರೆ ವರ್ಗಗಳಿವೆ. ಹೊರಗಿನದನ್ನೇ ಘೋರ ಮಾಡಿಟ್ಟರೆ ಒಳಗಿನದಕ್ಕೆ ‘ಗಂಭೀರ ಘೋರಾಪರಾಧ’ ಅನ್ನುತ್ತೀರಾ? ಮತ್ತೆ ಮತ್ತೆ ಅಪರಾಧ ಮಾಡಿದವರಿಗೆ ಶಿಕ್ಷೆ ಏರಿಸುವ 1994ರ ‘ಮೂರು ಸ್ಟ್ರೈಕ್’ ಕಾನೂನಿನಲ್ಲಿ ಹಿಂದಿನ ಎರಡು ಅಪರಾಧ ಈ ವರ್ಗಗಳವಾಗಿದ್ದರೆ ಸಾಕು, ಮೂರನೆಯದು ಯಾವ ಫೆಲೊನಿಯಾದರೂ 25 ವರ್ಷದಿಂದ ಜೀವಾವಧಿವರೆಗೆ ಸೆರೆ. 2012ರಲ್ಲಿ ಅದನ್ನು ಸಡಿಲಿಸಿ, ಕೆಲವು ಹೊರತುಗಳನ್ನು ಬಿಟ್ಟು, ಮೂರನೆಯದೂ ಗಂಭೀರವೋ ಹಿಂಸಾತ್ಮಕವೋ ಆಗಿರಬೇಕು, ಇಲ್ಲವಾದರೆ ಇಮ್ಮಡಿ ಶಿಕ್ಷೆ ಅಂದರು. ನಿಮ್ಮ ಪದ ಈ ಗೆರೆಯನ್ನೇ ಅಳಿಸುತ್ತದೆ.
– ರಾ.

‘ಸಂಜ್ಞೇಯ ಅಪರಾಧ’ ಇದೆಯಲ್ಲ, ಸಿದ್ಧಪದ.
– ವೆಂ.

ಅಲ್ಲ. ವಾರಂಟಿಲ್ಲದೆ ಪೊಲೀಸರು ಹಿಡಿಯಬಹುದೇ ಅನ್ನುವುದರ ಮೇಲೆ ‘ಸಂಜ್ಞೇಯ’ ನಿಂತಿದೆ. ಫೆಲೊನಿ ನಿಂತಿರುವುದು ಶಿಕ್ಷೆಯ ಅಳತೆಯ ಮೇಲೆ.
– ರಾ.

ಹಿರಿತಪ್ಪು, ಕಿರುತಪ್ಪು. ಮುಗಿಯಿತು. ‘ಶಿಕ್ಷೆ’ಯನ್ನೂ ಬಿಡಿ, ಸಂಸ್ಕೃತದಲ್ಲಿ ಅದು ಕಲಿಕೆ, ನಮ್ಮ ಮೇಷ್ಟ್ರುಗಳ ಬೆತ್ತದಿಂದ ಇಲ್ಲಿ ಏಟಾಯಿತು. ‘ದಂಡ’ವೂ ಬೇಡ, ಜನ ಅದನ್ನು ಕಟ್ಟುವ ದುಡ್ಡು ಅಂದುಕೊಳ್ಳುತ್ತಾರೆ.
– ಕೆಂ.

ಕಾಗುಣಿತದ ತಪ್ಪೂ ತಪ್ಪೇ ಸ್ವಾಮಿ. ವಕೀಲ, ಜಾಮೀನು, ಜುಲ್ಮಾನೆ ಎಲ್ಲ ಪಾರಸಿಯ ದಾರಿಯಲ್ಲಿ ಬಂದವು. ಅವನ್ನೂ ಓಡಿಸಿ ಆಮೇಲೆ ಕೋರ್ಟಿನ ಮೆಟ್ಟಿಲು ಹತ್ತಿ ನೋಡೋಣ.
– ವೆಂ.

ಬಂದವು ಅಂತ ಇನ್ನಷ್ಟು ಕರೆಯಬೇಕೇ?
– ಕೆಂ.

ಜಗಳ ಆಮೇಲೆ. ಸು. ಅವರೇ, ‘ಫೆಲೊನಿ’ ಹಾಗೇ ಇರಲಿ. ನೋಟಿಸಿನಲ್ಲಿ ಹಿರಿಯರ ಕಣ್ಣಿಗೆ ಬೀಳುವುದು ಅದೇ ಪದ. ಮೊದಲ ಸಲ ಬಂದಲ್ಲಿ ‘ಸಾಮಾನ್ಯವಾಗಿ ಒಂದು ವರ್ಷ ಮೀರಿದ ಸೆರೆವಾಸಕ್ಕೆ ಗುರಿಯಾಗುವ ಅಪರಾಧ’ ಎಂದು ಬಿಡಿಸಿ. ಮಿಸ್‌ಡಿಮೀನರಿಗೆ ‘ಸಣ್ಣ ಅಪರಾಧ’ ಸಾಕು. ಎರಡರಲ್ಲಿ ಯಾವುದಾದರೂ ಆಗಬಹುದಾದ ‘ವಾಬ್ಲರ್’ಗೆ ಯಾರಾದರೂ ‘ಎಡಬಿಡಂಗಿ’ ಸೂಚಿಸುವ ಮೊದಲೇ ‘ಎರಡೂ ಬಗೆಯಲ್ಲಿ ಕೇಸು ಹಾಕಬಹುದಾದದ್ದು’ ಎಂದು ಬರೆದುಬಿಡಿ.

ನಿಜವಾದ ಗುಂಡಿ ಬೇರೆ ಕಡೆ ಇದೆ. ‘ಮೂರನೇ ಕಳವು’ ಮತ್ತು ‘ಮೂರನೇ ಸ್ಟ್ರೈಕ್’ ಎರಡಕ್ಕೂ ‘ಮೂರನೇ ತಪ್ಪು’ ಎಂದು ಹಾಕಿದರೆ, ಮೂರು ವರ್ಷದವರೆಗಿನ ಶಿಕ್ಷೆಯ ಕೇಸಿಗೆ ಓದುಗರು ಜೀವಾವಧಿ ಎಂದುಕೊಂಡು ಹೆದರುತ್ತಾರೆ. ಹಾಗೆಯೇ ‘ಹಿಂದೆ ಎರಡು ಸಲ ಶಿಕ್ಷೆಯಾದವರು’ ಎಂದು ಬರೆಯಬೇಡಿ. ಎಣಿಕೆಗೆ ಬರುವುದು ತಪ್ಪಿತಸ್ಥರೆಂಬ ತೀರ್ಪು, ಜೈಲು ಕಂಡಿದ್ದಲ್ಲ.
– ರಾ.

‘ಸೆರೆ’ ಸಾಕು. ‘ವಾಸ’ ಯಾಕೆ?
– ಕೆಂ.