ಅಪ್‌ಡೇಟ್: ಹಳೆಯ ಪಿಕಪ್‌ನ ಮಂಕು ಹೆಡ್‌ಲೈಟ್ ಸರಿಯಾಯಿತು

ನನ್ನ 2005ರ ಪಿಕಪ್‌ನ ಹೆಡ್‌ಲೈಟ್ ಮಂಕಾಗಿದೆ, ಬೆಳಗಿನ ಜಾವ ಮೂಡಿಗೆರೆಯಿಂದ ಹಾಸನಕ್ಕೆ ತರಕಾರಿ ಒಯ್ಯುವಾಗ ತಿರುವುಗಳೇ ಕಾಣುವುದಿಲ್ಲ ಎಂದು ಹನ್ನೆರಡು ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಹೊಸ ಬಲ್ಬ್ ಹಾಕಿದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಲೆನ್ಸ್ ಉಜ್ಜುವ ಸಲಹೆ ಹಳದಿಗಟ್ಟಿದ ಪ್ಲಾಸ್ಟಿಕ್‌ಗೆ ಸರಿ. ನನ್ನದು ಅಪ್ಪಟ ಗಾಜು.

ಫಲ ಕೊಟ್ಟದ್ದು ‘ಬಲ್ಬಿನ ಸಾಕೆಟ್‌ನಲ್ಲೇ ವೋಲ್ಟೇಜ್ ಅಳೆಯಿರಿ’ ಎಂಬ ಮಾತು. ಎಂಜಿನ್ ಓಡುತ್ತಾ, ದೀಪ ಉರಿಯುತ್ತಿರುವಾಗಲೇ ಅಳೆದೆವು. ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನಲ್ಲಿ ಬರೀ 11.1! ದೀಪದ ಪೂರ್ತಿ ಕರೆಂಟು ಸ್ಟೀರಿಂಗ್ ಬಳಿಯ ಸ್ವಿಚ್ಚನ್ನು ಹಾದು, ಸವೆದ ತೆಳು ತಂತಿಗಳಲ್ಲಿ ಸುತ್ತಿ ಬರುತ್ತಿತ್ತು. ಹೈಬೀಮ್‌ಗೊಂದು, ಲೋಬೀಮ್‌ಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್ಚು) ಕೂರಿಸಿ, ಬ್ಯಾಟರಿಯಿಂದ ಫ್ಯೂಸ್ ಸಮೇತ ದಪ್ಪ ತಂತಿ ಎಳೆದೆವು. ಈಗ ಸ್ವಿಚ್ಚು ರಿಲೇಯನ್ನಷ್ಟೇ ಚಾಲೂ ಮಾಡುತ್ತದೆ.

ನನಗೆ ಅಚ್ಚರಿ ತಂದದ್ದು ಅರ್ಥಿಂಗ್, ಅಂದರೆ ಕರೆಂಟು ಗಾಡಿಯ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ. ತುಕ್ಕು ಹಿಡಿದ ಒಂದು ಬೋಲ್ಟಿನಲ್ಲೇ ಸುಮಾರು ಒಂದು ವೋಲ್ಟ್ ಸೋರುತ್ತಿತ್ತು! ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಕುಸಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ ಎಂಬುದು ನನಗೆ ತಿಳಿದೇ ಇರಲಿಲ್ಲ. ಬೋಲ್ಟನ್ನು ಉಜ್ಜಿ, ಹೊಸ ಅರ್ಥ್ ತಂತಿ ಬಿಗಿದ ಮೇಲೆ ಬಲ್ಬಿನಲ್ಲಿ 13.3 ಸಿಗುತ್ತಿದೆ. ಬಲ್ಬ್ ಅದೇ 60/55 ವ್ಯಾಟ್‌ನದು (ಹೈಬೀಮ್‌ಗೆ 60, ಲೋಬೀಮ್‌ಗೆ 55).

100/90 ವ್ಯಾಟ್ ಬಲ್ಬ್ ಹಾಕಿ ಎಂದವರ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು. ನನ್ನ ಹಳೆಯ ಕನೆಕ್ಟರ್ ಆಗಲೇ ಕಂದಿತ್ತು. ಅಷ್ಟು ಕರೆಂಟಿಗೆ ಅದು ಕರಗಿಯೇ ಹೋಗುತ್ತಿತ್ತು.

ರಿಲೇ ಹಾಕಿಸಿದವರು ದಯವಿಟ್ಟು ಬೀಮ್‌ನ ಎತ್ತರವನ್ನೂ ಸರಿಪಡಿಸಿಕೊಳ್ಳಿ. ಮೊದಲ ರಾತ್ರಿ ಎದುರಿನ ಬಸ್ಸಿನವರು ದೀಪ ಮಿನುಗಿಸಿ ಎಚ್ಚರಿಸಿದರು. ಮರುದಿನವೇ ಗೋಡೆಗೆ ಬೆಳಕು ಬಿಟ್ಟು ತಗ್ಗಿಸಿದೆ.