ಮಳೆಗಾಲದ ಟ್ರೇಲ್ ಓಟ: ಕೊಂಡಜ್ಜಿನಾ, ಜೋಗಿಮಟ್ಟಿನಾ?

ಪ್ರಶ್ನೆ: ದಾವಣಗೆರೆಯಲ್ಲಿದ್ದೇನೆ, ರಸ್ತೆಯಲ್ಲಿ 10 ಕಿ.ಮೀ. ಓಡುವ ಅಭ್ಯಾಸವಿದೆ. ಈಗ ಟ್ರೇಲ್ ಓಟ, ಅಂದರೆ ಗುಡ್ಡ-ಕಾಡಿನ ಕಚ್ಚಾ ದಾರಿಯ ಓಟ, ಶುರು ಮಾಡಬೇಕು. ಗುಡ್ಡ, ಕೆರೆ ಎರಡೂ ಸಿಗುವ ದಾರಿ ಬೇಕು. ಹರಿಹರ ತಾಲ್ಲೂಕಿನ ಕೊಂಡಜ್ಜಿನಾ, ಚಿತ್ರದುರ್ಗದ ಜೋಗಿಮಟ್ಟಿನಾ? ಶೂ ಎಂಥದ್ದು?

ಉತ್ತರ 1: ಮೊದಲು ಕೊಂಡಜ್ಜಿ ಮಾಡಿ ಸರ್, ಕೆರೆ, ಗುಡ್ಡ ಪಕ್ಕಪಕ್ಕ. ಮಳೆ ಬಿದ್ದ ಮೇಲೆ ಹೊಲದ ಬದು ಮಾತ್ರ ಹಿಡೀಬೇಡಿ. ಎರೆಮಣ್ಣು ಮೆತ್ತಿ ಹತ್ತು ಹೆಜ್ಜೆಗೆ ಶೂ ಇಟ್ಟಿಗೆಯಷ್ಟು ಭಾರ. ಶೂ ಅಟ್ಟೆಯ ಉಬ್ಬುಗಳು 4–5 ಮಿ.ಮೀ. ಎತ್ತರ, ದೂರದೂರ ಇದ್ದರೆ ಮಣ್ಣು ತಾನೇ ಉದುರುತ್ತೆ. ಒತ್ತಾಗಿದ್ದರೆ ಅಲ್ಲೇ ತುಂಬಿಕೊಂಡು ಹಿಡಿತ ಹೋಗುತ್ತೆ.

ಉತ್ತರ 2: ಜೋಗಿಮಟ್ಟಿ ವನ್ಯಜೀವಿಧಾಮ. ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿ, ಅವರು ಓಡಾಡಲು ಬಿಟ್ಟ ದಾರಿಯಲ್ಲೇ ಓಡಿ. ಕರಡಿ, ಚಿರತೆ ಇವೆ: ನಸುಕು, ಮುಸ್ಸಂಜೆ ಬೇಡ, ಇಯರ್‌ಫೋನ್ ಬೇಡ, ಒಬ್ಬರೇ ಅಂತೂ ಬೇಡವೇ ಬೇಡ. ಏರಿನಲ್ಲಿ ಓಡುವ ಹಟ ಬಿಟ್ಟು ಬಿರುಸಾಗಿ ನಡೀರಿ. ಇಳಿಯುವಾಗ ಗರಸಿನ ಮೇಲೆ ಉದ್ದ ಹೆಜ್ಜೆ ಹಾಕಿದರೆ ಹಿಮ್ಮಡಿ ಮೊದಲು ಊರಿ ಜಾರುತ್ತೆ. ಮೊಣಕಾಲು ಬಾಗಿಸಿ ಗಿಡ್ಡ ಹೆಜ್ಜೆ ಇಡಿ. ಇಳಿಯೋ ಮುಂಚೆ ಲೇಸ್ ಬಿಗಿ ಮಾಡದಿದ್ದರೆ ಹೆಬ್ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತೆ.

ಉತ್ತರ 3: ನೀರು ಗಂಟೆಗೆ ಅರ್ಧ ಲೀಟರ್, ಚಿಟಿಕೆ ಉಪ್ಪು ಹಾಕಿ. ಚಿತ್ರದುರ್ಗದ ಚಂದ್ರವಳ್ಳಿ ಕಡೆ ಹೋದರೆ ಕೆರೆ ಪಕ್ಕದ ಬಂಡೆ ಮೇಲೆ ಓಡಬೇಡಿ ಅಣ್ಣ, ಪಾಚಿ ಕಟ್ಟಿದ್ದರೆ ಯಾವ ಶೂನೂ ನಿಲ್ಲಲ್ಲ.