ಪ್ರಶ್ನೋತ್ತರ: ಆಯುಷ್ಮಾನ್ ಕಾರ್ಡ್, ರೆಫರಲ್, ಎಪಿಎಲ್ ಬಿಲ್ಲು (ಕೊಡಗು ಆರೋಗ್ಯ ವಿಮೆ ಗುಂಪು)

ಕುಶಾಲನಗರ: ಮೇಡಂ, ನಮ್ಮದು ಎಪಿಎಲ್ ಕಾರ್ಡು. ಅಮ್ಮನಿಗೆ ಮಂಡಿ ಆಪರೇಷನ್ ಆಗಬೇಕು. ಆಯುಷ್ಮಾನ್‌ನಲ್ಲಿ 5 ಲಕ್ಷ ಸಿಗುತ್ತಾ?

ಡಾಕ್ಟರ್: ಇಲ್ಲ. 5 ಲಕ್ಷ ಬಿಪಿಎಲ್ ಕುಟುಂಬಕ್ಕೆ. ಎಪಿಎಲ್‌ಗೆ ಸರ್ಕಾರ ಕೊಡೋದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ಮೊತ್ತ) ಶೇ. 30, ಇಡೀ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಒಳಗೆ. ಪ್ಯಾಕೇಜ್ 1 ಲಕ್ಷ ಅಂದುಕೊಳ್ಳಿ, 70 ಸಾವಿರ ನೀವೇ ಹೊಂದಿಸಬೇಕು. ಮೊದಲು ಮಡಿಕೇರಿ ಬೋಧಕ ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿ ಆಗದಿದ್ದರೆ ರೆಫರಲ್ ಬರೆದುಕೊಡ್ತಾರೆ. ಅದಿಲ್ಲದೆ ಸೀದಾ ಮೈಸೂರಿಗೆ ಹೋಗಿ ಅಡ್ಮಿಟ್ ಆದರೆ ಆ 30 ಕೂಡ ಕೈತಪ್ಪುತ್ತೆ.

ಸೋಮವಾರಪೇಟೆ: ಅಪ್ಪನಿಗೆ 72. 70 ದಾಟಿದವರ ವಯೋ ವಂದನಾ ಕಾರ್ಡ್ ನಮ್ಮ ಆಸ್ಪತ್ರೆಗಳಲ್ಲಿ ನಡೆಯುತ್ತಾ?

ನಾಪೋಕ್ಲು: ಫಾರ್ವರ್ಡ್ ಬಂದಿದೆ. ಲಿಂಕ್ ಒತ್ತಿ 199 ಕಟ್ಟಿದರೆ ಮನೆಗೇ ಕಾರ್ಡ್ ಬರುತ್ತಂತೆ.

ಡಾಕ್ಟರ್: ಆ ಲಿಂಕ್ ಮೋಸ. ಒತ್ತಬೇಡಿ, ಓಟಿಪಿ ಹೇಳಬೇಡಿ, ಇಲ್ಲಿಂದ ಅಳಿಸಿ.

ಸಿದ್ದಾಪುರ: ಮೇಡಂ, ತೋಟದ ಲೈನ್‌ಮನೆಯಲ್ಲಿ ಅಸ್ಸಾಮಿನ ಕಾರ್ಮಿಕ, ಸುಮಾರು 50 ವಯಸ್ಸು, ಶುಗರ್ ಇದೆ. ಕಾಲ್ಬೆರಳು ಕಪ್ಪಾಗಿ ವಾಸನೆ ಬರ್ತಿದೆ, ನಿನ್ನೆಯಿಂದ ಜ್ವರ. ಅಸ್ಸಾಮಿನ ಆಯುಷ್ಮಾನ್ ಕಾರ್ಡ್ ಇದೆ. ಇಲ್ಲಿ ನಡೆಯುತ್ತಾ?

ಪೊನ್ನಂಪೇಟೆ: ಅರಿಶಿನ, ಸುಣ್ಣ ಕಲಸಿ ಕಟ್ಟಿ, ಮೂರೇ ದಿನದಲ್ಲಿ ಒಣಗುತ್ತೆ ಅಂತ ಒಂದು ವಿಡಿಯೋ ಇದೆ, ಹಾಕ್ಲಾ?

ಡಾಕ್ಟರ್: ಹಾಕಬೇಡಿ. ಸುಣ್ಣ ಮಾಂಸ ಸುಡುತ್ತೆ. ಇಂಥ ವಿಡಿಯೋ ನೋಡಿ ಕಾಲು ಕಳೆದುಕೊಂಡವರಿಗೆ ವಿಡಿಯೋ ಮಾಡಿದವ ಉತ್ತರ ಕೊಡಲ್ಲ.

ಸಿದ್ದಾಪುರದವರೇ, ಕಾರ್ಡಿನ ಮಾತು ಆಮೇಲೆ. ಕಪ್ಪು, ವಾಸನೆ, ಜ್ವರ ಮೂರೂ ಕೂಡಿದರೆ ನಂಜು ಮೇಲೇರ್ತಿದೆ ಅಂತಲೇ ಲೆಕ್ಕ. ಇವತ್ತೇ ಮಡಿಕೇರಿಗೆ ಕರೆದೊಯ್ಯಿರಿ, ನಾಳೆ ಸಂತೆ ಮುಗಿಸಿ ಅಂತ ಬೇಡ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸಿಗೆ ದುಡ್ಡಿಲ್ಲ. ಗಾಯಕ್ಕೆ ಒಣಗಿದ ಶುಚಿ ಬಟ್ಟೆ ಸುತ್ತಿ, ಆ ಕಾಲೂರಿ ನಡೆಸಬೇಡಿ. ಬಿಸಿನೀರಲ್ಲಿ ಇಡಲೇಬೇಡಿ: ಶುಗರ್‌ನವರಿಗೆ ಪಾದದಲ್ಲಿ ಸ್ಪರ್ಶ ಸತ್ತಿರುತ್ತೆ, ಬೊಬ್ಬೆ ಎದ್ದರೂ ಗೊತ್ತಾಗಲ್ಲ. ತಿನ್ನುತ್ತಿರುವ ಮಾತ್ರೆಗಳ ಪಟ್ಟಿಯೂ ಜೊತೆಗಿರಲಿ.

ಇನ್ನು ಕಾರ್ಡು. ಪಿಎಂ-ಜೆಎವೈ, ಅಂದರೆ ಕೇಂದ್ರದ ಆಯುಷ್ಮಾನ್ ಯೋಜನೆಯ ಕಾರ್ಡಾದರೆ ಯೋಜನೆಗೆ ಸೇರಿದ ಆಸ್ಪತ್ರೆ ದೇಶದಲ್ಲಿ ಎಲ್ಲಿದ್ದರೂ ನಡೆಯುತ್ತೆ. ಆ ರಾಜ್ಯದ ಸ್ವಂತ ಯೋಜನೆಯದ್ದಾದರೆ ಇಲ್ಲಿ ನಡೆಯದೇ ಇರಬಹುದು, ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕಾರ್ಡ್ ನಂಬರ್ ಹೇಳಿ ಕೇಳಿ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ಎರಡೂ ಕೈಯಲ್ಲಿರಲಿ. ತೋಟದ ಕೆಲಸದಲ್ಲಿ ಬೆರಳಿನ ಗೆರೆ ಸವೆದು ಬೆರಳಚ್ಚು ಹಿಡಿಯಲ್ಲ, ಮೆಷಿನ್ ಮುಂದೆ ಐದಾರು ಸಲ ಒತ್ತಿಸಿ ಕೂರಿಸ್ತಾರೆ. ಓಟಿಪಿ ಇಲ್ಲವೇ ಮುಖ ತೋರಿಸಿ ದೃಢೀಕರಿಸಿ ಅಂತ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರಿಗೆ ಹೇಳಿ.

ವಿರಾಜಪೇಟೆ: ಬಿಪಿಎಲ್ ಅಂದರೆ ನಗು ಬರುತ್ತೆ. ಕಾಫಿ ತೋಟ, ಜೀಪು ಇದ್ದವರ ಕೈಯಲ್ಲೂ ಬಿಪಿಎಲ್ ಕಾರ್ಡೇ.

ಶನಿವಾರಸಂತೆ: ಅರ್ಧ ಎಕರೆ ಕಾಫಿ ಇದ್ದವನೂ ತೋಟದ ಮಾಲೀಕನೇನ್ರಿ? ಕಾರ್ಡು ಎಪಿಎಲ್‌ಗೆ ಬಿದ್ದರೆ 5 ಲಕ್ಷ ಹೋಗಿ 30 ಪರ್ಸೆಂಟ್ ಉಳಿಯುತ್ತೆ. 2024ರ ನವೆಂಬರ್‌ನಲ್ಲಿ ಕಾರ್ಡ್ ಬದಲಾದಾಗ ಎಷ್ಟು ಗದ್ದಲ ಆಯ್ತು, ಮರೆತಿರಾ?

ವಿರಾಜಪೇಟೆ: ನಿಮ್ಮ ಲೆಕ್ಕ ನಿಮಗೆ. ತೆರಿಗೆ ಕಟ್ಟೋರು ನಾವು.

ಶನಿವಾರಸಂತೆ: ಕೃಷಿ ಆದಾಯಕ್ಕೆ ಆದಾಯ ತೆರಿಗೆ ಯಾವಾಗ ಕಟ್ಟಿದಿರಿ?

ಡಾಕ್ಟರ್: ಇಬ್ಬರೂ ಬೇರೆ ಕಡೆ ಜಗಳ ಆಡಿ. ಇಲ್ಲಿ ಒಬ್ಬರ ಕಾಲು ಉಳಿಸೋ ಮಾತು ನಡೀತಿದೆ.

ಗೋಣಿಕೊಪ್ಪ: ಎಪಿಎಲ್‌ಗೆ 5 ಲಕ್ಷ ಸಿಗುತ್ತಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಗೋಣಿಕೊಪ್ಪ: ಓದೋಕೆ ಟೈಮ್ ಇಲ್ಲ, ಹೌದು ಇಲ್ಲ ಹೇಳಿ. ಯಶಸ್ವಿನಿ ಆದ್ರೂ ಮಾಡಿಸ್ಬಹುದಾ?

ಡಾಕ್ಟರ್: ಇಲ್ಲ. ಯಶಸ್ವಿನಿಗೆ ಸಹಕಾರ ಸಂಘದ ಸದಸ್ಯತ್ವ ಬೇಕು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂ. ನೋಂದಣಿ ಅವಧಿ ಮುಗಿದ ಮೇಲೆ ಸೇರಿಸಿಕೊಳ್ಳಲ್ಲ. ಸಂಘಕ್ಕೆ ಹೋಗಿ ಕೇಳಿ, ನನ್ನನ್ನಲ್ಲ.

ಸಿದ್ದಾಪುರ: 108 ಬಂತು, ಹೊರಟ್ವಿ. ಮೈಸೂರಿಗೆ ಕಳಿಸಿದರೆ ಅಲ್ಲಿ ಡೆಪಾಸಿಟ್ ಕೇಳಿದ್ರೆ?

ಡಾಕ್ಟರ್: ಯೋಜನೆಯ ಆಸ್ಪತ್ರೆಯಲ್ಲಿ, ಪ್ಯಾಕೇಜ್‌ನ ಚಿಕಿತ್ಸೆಗೆ ಬಿಪಿಎಲ್ ಅಥವಾ ಪಿಎಂ-ಜೆಎವೈ ಕಾರ್ಡಿನವರು ಡೆಪಾಸಿಟ್ ಕಟ್ಟಬೇಕಿಲ್ಲ. ಕೇಳಿದರೆ ಯಾತಕ್ಕೆ, ಎಷ್ಟು ಅಂತ ಬರೆಸಿಕೊಳ್ಳಿ, ಅಲ್ಲೇ ನಿಂತು 14555ಕ್ಕೆ ದೂರು ಕೊಡಿ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿಯೂ ಪ್ಯಾಕೇಜ್‌ನಲ್ಲೇ ಸೇರಿದೆ, ಹೊರಗಿನ ಅಂಗಡಿಗೆ ಚೀಟಿ ಬರೆದರೆ ಒಪ್ಪಬೇಡಿ. ಮಡಿಕೇರಿ ತಲುಪಿದ ತಕ್ಷಣ ಶುಗರ್ ಎಷ್ಟಿದೆ ಅಂತ ಇಲ್ಲಿ ಹಾಕಿ.